ಒಂದು ಗೋಡೆ, ಎರಡು ಸಮುದ್ರ: ಡೇವಿಡ್ ಸ್ಟಾರ್ ಜೋರ್ಡನ್ ಕಥೆ

ಈ ಸೆಮ್‌ನಲ್ಲಿ ನಮಗೆ ಬಯಾಲಜಿ ಫಾರ್ ಎಂಜಿನಿಯರ್ಸ್ ಅನ್ನೋ ಪೇಪರ್ ಇದೆ. ಪಿಯುಸಿಯಲ್ಲಿ ಬಯಾಲಜಿ ಬೇಡವೇ ಬೇಡ ಅಂತ ಕಂಪ್ಯೂಟರ್ ಸೈನ್ಸ್ ತಗೊಂಡವರು ನಮ್ಮಲ್ಲಿ ಬಹಳ ಮಂದಿ. ಹಾಗಾಗಿ ಮೊದಮೊದಲು ಆ ಕ್ಲಾಸಿಗೆ ಹೋಗಿದ್ದು ಅಟೆಂಡೆನ್ಸ್‌ಗೋಸ್ಕರ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಒಂದು ದಿನ ಮೇಡಂ ಬೋರ್ಡ್ ಮೇಲೆ ಅಮೆರಿಕದ ನಕ್ಷೆ ಬರೆದರು. ಉತ್ತರ ಅಮೆರಿಕ, ದಕ್ಷಿಣ ಅಮೆರಿಕ ಎರಡನ್ನೂ ಸೇರಿಸುವ ಸಣ್ಣ ಭೂಪಟ್ಟಿಯ ಆ ಕಡೆ ಒಂದು, ಈ ಕಡೆ ಒಂದು ಪಟ್ಟೆಪಟ್ಟೆ ಮೀನು ಬಿಡಿಸಿ, ಇವೆರಡೂ ಒಂದೇ ಮೀನೋ ಬೇರೆ ಬೇರೆಯೋ ಅಂತ ಕೇಳಿದರು. ನೋಡೋಕೆ ಒಂದೇ ಥರ ಇದ್ದವು. ನಾವೆಲ್ಲ ಒಂದೇ ಅಂದೆವು. ತಪ್ಪು ಉತ್ತರ.

ಆ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದೆ ಸರಿಯಾದ ಉತ್ತರ ಕೊಟ್ಟವರು ಡೇವಿಡ್ ಸ್ಟಾರ್ ಜೋರ್ಡನ್. ತಮ್ಮ ಕಾಲದ ಬಹುದೊಡ್ಡ ಮೀನು ವಿಜ್ಞಾನಿ, ಜೊತೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೊಟ್ಟಮೊದಲ ಅಧ್ಯಕ್ಷರು. ಎಂ.ಎಸ್. ಮಾಡಿದರೆ ಸ್ಟ್ಯಾನ್‌ಫರ್ಡ್‌ನಲ್ಲೇ ಮಾಡಬೇಕು ಅನ್ನೋ ನಮ್ಮ ಸೀನಿಯರ್‌ಗಳಿಗೂ ಈ ಹೆಸರು ಗೊತ್ತಿರಲಿಲ್ಲ. ಹುಡುಕಿ ಓದುತ್ತಾ ಹೋದೆವು. ಅರ್ಧ ಓದುವಷ್ಟರಲ್ಲಿ ಇವರು ನಮ್ಮ ಹೀರೋ ಆಗಿಬಿಟ್ಟರು. ಪೂರ್ತಿ ಓದಿದ ಮೇಲೆ ಏನು ಹೇಳಬೇಕೋ ತಿಳಿಯದೆ ಸುಮ್ಮನೆ ಕೂತೆವು. ಎರಡೂ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಕ್ಷತ್ರದ ಹುಡುಗ

ಜೋರ್ಡನ್ ಹುಟ್ಟಿದ್ದು 1851ರ ಜನವರಿ 19ರಂದು, ನ್ಯೂಯಾರ್ಕ್ ರಾಜ್ಯದ ಗೇನ್ಸ್‌ವಿಲ್ ಅನ್ನೋ ಊರಲ್ಲಿ. ನ್ಯೂಯಾರ್ಕ್ ಅಂದ ಕೂಡಲೇ ಗಗನಚುಂಬಿ ಕಟ್ಟಡ ಕಣ್ಮುಂದೆ ತಂದುಕೊಳ್ಳಬೇಡಿ. ಇದು ಅದೇ ಹೆಸರಿನ ರಾಜ್ಯದ ಹಳ್ಳಿಗಾಡು. ಮನೆಯವರದ್ದು ಹೊಲ, ದನಕರು, ಕುರಿಯ ಬದುಕು. ಹುಡುಗ ಡೇವಿಡ್‌ಗೆ ಕಂಡದ್ದಕ್ಕೆಲ್ಲ ಹೆಸರು ತಿಳಿಯಬೇಕು ಅನ್ನೋ ಹಟ. ರಾತ್ರಿ ಆಕಾಶ ನೋಡಿ ನಕ್ಷತ್ರಗಳ ಹೆಸರು ಕಲಿತ. ಅದು ಮುಗೀತು ಅನ್ನಿಸಿದಾಗ ನಕ್ಷೆ ಬಿಡಿಸಿದ. ಆಮೇಲೆ ಹೊಲದ ಬದುವಿನ ಹೂಗಳನ್ನು ಕಿತ್ತು ಒಣಗಿಸಿ ಹೆಸರು ಬರೆದಿಟ್ಟ. ಸ್ಟಾರ್ ಅನ್ನೋ ನಡುವಿನ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ, ಅದನ್ನು ಅವನೇ ಸೇರಿಸಿಕೊಂಡದ್ದು.

ಅವನಿಗೆ ರೂಫಸ್ ಅಂತ ಒಬ್ಬ ಅಣ್ಣ ಇದ್ದ. ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ, 1862ರಲ್ಲಿ, ಸೈನ್ಯಕ್ಕೆ ಸೇರಿದ ಆ ಅಣ್ಣ ಜ್ವರ ಬಂದು ತೀರಿಕೊಂಡ. ತಮ್ಮನಿಗೆ ಆಗ ಬರೀ ಹನ್ನೊಂದು ವರ್ಷ. ಯುದ್ಧದ ಮೇಲೆ ಜೋರ್ಡನ್ ಅವರಿಗೆ ಜೀವನಪೂರ್ತಿ ಇದ್ದ ಸಿಟ್ಟಿಗೆ ಬೇರು ಇಲ್ಲೇ ಇದ್ದಿರಬೇಕು ಅನ್ನಿಸುತ್ತದೆ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

1869ರಲ್ಲಿ ಆಗಷ್ಟೇ ಶುರುವಾಗಿದ್ದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಓದುತ್ತಿರುವಾಗಲೇ ಸಸ್ಯಶಾಸ್ತ್ರ ಹೇಳಿಕೊಡೋಕೆ ಶುರು ಮಾಡಿದ್ದರಿಂದ 1872ರಲ್ಲಿ ನೇರವಾಗಿ ಎಂ.ಎಸ್. ಪದವಿಯೇ ಸಿಕ್ಕಿತು. ಅಲ್ಲಿಯವರೆಗೆ ಅವರ ಲೋಕದಲ್ಲಿ ಹೂ, ಗಿಡ ಇದ್ದವು. ಮೀನು ಬಂದದ್ದು ಮರುವರ್ಷ.

ದ್ವೀಪದ ಬೇಸಿಗೆ ಶಾಲೆ

1873ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್ ಕರಾವಳಿಯ ಪೆನಿಕೀಸ್ ಎಂಬ ಪುಟ್ಟ ದ್ವೀಪದಲ್ಲಿ ಹಾರ್ವರ್ಡ್‌ನ ಪ್ರೊಫೆಸರ್ ಲೂಯಿ ಅಗಾಸಿ ಒಂದು ಬೇಸಿಗೆ ಶಾಲೆ ನಡೆಸಿದರು. ವಿಜ್ಞಾನ ಕಲಿಸೋ ಮೇಷ್ಟ್ರು, ಮೇಡಂಗಳಿಗಾಗಿಯೇ ನಡೆದ ಶಾಲೆ ಅದು. ಪುಸ್ತಕ ಪಕ್ಕಕ್ಕಿಡಿ, ಪ್ರಾಣಿಯನ್ನೇ ಕೈಯಲ್ಲಿ ಹಿಡಿದು ನೋಡಿ ಅನ್ನೋದು ಅಗಾಸಿಯವರ ಪಾಠದ ರೀತಿ. ಇಪ್ಪತ್ತೆರಡರ ಜೋರ್ಡನ್ ಅಲ್ಲಿ ಸಮುದ್ರದ ಜೀವಿಗಳಿಗೆ ಮನಸೋತರು. ಮುಂದೆ ಅವರ ಹೆಂಡತಿಯಾದ ಸೂಸನ್ ಬೋವೆನ್ ಪರಿಚಯವಾದದ್ದೂ ಅಲ್ಲೇ.

ಅಗಾಸಿ ದೊಡ್ಡ ವಿದ್ವಾಂಸರು, ಆದರೆ 1859ರಲ್ಲಿ ಬಂದಿದ್ದ ಡಾರ್ವಿನ್ ವಾದವನ್ನು ಕೊನೆವರೆಗೂ ಒಪ್ಪಲಿಲ್ಲ. ಪ್ರತಿಯೊಂದು ಜೀವಿಯೂ ದೇವರ ಒಂದೊಂದು ಯೋಚನೆ, ಎಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ಒಂದು ಏಣಿಯಲ್ಲಿ ಜೋಡಿಸಬಹುದು ಅನ್ನೋದು ಅವರ ನಂಬಿಕೆ. ಮನುಷ್ಯರ ಜನಾಂಗಗಳನ್ನೂ ಅವರು ಹಾಗೇ ಏಣಿ ಹತ್ತಿಸಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಗಾಸಿ ತೀರಿಕೊಂಡರು. ಜೋರ್ಡನ್ ಆಮೇಲೆ ಡಾರ್ವಿನ್ ಕಡೆ ಬಂದರು, ವಿಕಾಸವಾದವನ್ನು ಪೂರ್ತಿ ಒಪ್ಪಿದರು. ಗುರುವಿನ ದೇವರ ಯೋಚನೆಯನ್ನು ಬಿಟ್ಟರು. ಏಣಿಯನ್ನು ಮಾತ್ರ ಬಿಡಲಿಲ್ಲ ಅಂತ ನಮಗೆ ಈಗ ಕಾಣುತ್ತದೆ.

ಬೆಂಕಿಯಿಂದ ಮತ್ತೆ ಶುರು

ಆಮೇಲಿನ ವರ್ಷಗಳಲ್ಲಿ ಜೋರ್ಡನ್ ಹಲವು ಕಡೆ ಪಾಠ ಮಾಡಿದರು. ರಜೆ ಸಿಕ್ಕರೆ ಸಾಕು, ಬಲೆ ಹಿಡಿದು ನದಿಗೆ ಇಳಿಯುತ್ತಿದ್ದರು. 1879ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಆ ಹೊತ್ತಿಗೇ ತಮ್ಮ ಶಿಷ್ಯ ಚಾರ್ಲ್ಸ್ ಹೆನ್ರಿ ಗಿಲ್ಬರ್ಟ್ ಜೊತೆ ಅಮೆರಿಕದ ಪೆಸಿಫಿಕ್ ಕರಾವಳಿ ಉದ್ದಕ್ಕೂ ಸುತ್ತಿ, ಸರ್ಕಾರಕ್ಕಾಗಿ ಅಲ್ಲಿನ ಮೀನುಗಳ ಸಮೀಕ್ಷೆ ಮಾಡಿದರು. ಮೀನುಗಾರರ ದೋಣಿ, ಮೀನು ಮಾರ್ಕೆಟ್, ಬಂಡೆಗಳ ನಡುವಿನ ನೀರುಗುಂಡಿ, ಏನನ್ನೂ ಬಿಡಲಿಲ್ಲ. ಸಿಕ್ಕ ಮೀನನ್ನು ಆಲ್ಕೋಹಾಲ್ ತುಂಬಿದ ಜಾಡಿಗೆ ಹಾಕಿ, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಅಂತ ಚೀಟಿ ಬರೆದಿಡುವುದೇ ಕೆಲಸ.

1883ರಲ್ಲಿ ವಿಶ್ವವಿದ್ಯಾಲಯದ ವಿಜ್ಞಾನ ಕಟ್ಟಡಕ್ಕೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕೂಡಿಟ್ಟ ಮೀನು, ಪುಸ್ತಕ, ಟಿಪ್ಪಣಿ ಎಲ್ಲವೂ ಹೋಯಿತು. ನಮ್ಮ ಪ್ರಾಜೆಕ್ಟ್ ರಿಪೋರ್ಟ್ ಸೇವ್ ಆಗದೆ ಲ್ಯಾಪ್‌ಟಾಪ್ ಆಫ್ ಆದರೆ ನಾವು ಎರಡು ದಿನ ಊಟ ಬಿಡುತ್ತೇವೆ. ಇವರು ಬಲೆ ತಗೊಂಡು ಮತ್ತೆ ನೀರಿಗಿಳಿದರು. 1885ರಲ್ಲಿ, ಮೂವತ್ನಾಲ್ಕರ ವಯಸ್ಸಿಗೆ, ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಅದೇ ವರ್ಷ ಸೂಸನ್ ತೀರಿಹೋದರು. ಎರಡು ವರ್ಷದ ಮೇಲೆ ಜೆಸ್ಸಿ ನೈಟ್ ಅವರನ್ನು ಮದುವೆಯಾದರು.

1891ರಲ್ಲಿ ಕ್ಯಾಲಿಫೋರ್ನಿಯಾದ ರೈಲ್ವೆ ಸಾಹುಕಾರ ಲೀಲೆಂಡ್ ಸ್ಟ್ಯಾನ್‌ಫರ್ಡ್ ಮತ್ತು ಅವರ ಪತ್ನಿ ಜೇನ್, ತೀರಿಹೋದ ಒಬ್ಬನೇ ಮಗನ ನೆನಪಿಗೆ ಕಟ್ಟಿದ ಹೊಸ ವಿಶ್ವವಿದ್ಯಾಲಯಕ್ಕೆ ಜೋರ್ಡನ್ ಅವರನ್ನು ಕರೆದರು. ಆ ವರ್ಷ ಅಕ್ಟೋಬರ್ 1ಕ್ಕೆ ಬಾಗಿಲು ತೆರೆಯಿತು. ಮೊದಲ ಬ್ಯಾಚಿನಲ್ಲೇ ಸೇರಿದ ಹರ್ಬರ್ಟ್ ಹೂವರ್ ಅನ್ನೋ ಹುಡುಗ ಭೂವಿಜ್ಞಾನ ಓದಿ, ಗಣಿ ಎಂಜಿನಿಯರ್ ಆಗಿ, ಕೊನೆಗೆ ಅಮೆರಿಕದ ಅಧ್ಯಕ್ಷನೇ ಆದ. ಇಷ್ಟು ಕೆಲಸದ ನಡುವೆಯೂ ಜೋರ್ಡನ್ ಮೀನು ಬಿಡಲಿಲ್ಲ. ಗಿಲ್ಬರ್ಟ್ ಕೂಡ ಸ್ಟ್ಯಾನ್‌ಫರ್ಡ್‌ಗೆ ಬಂದರು, ಶಿಷ್ಯರ ದಂಡೇ ಬೆಳೆಯಿತು.

ಪನಾಮದ ಪ್ರಶ್ನೆ

ಈಗ ಬೋರ್ಡ್ ಮೇಲಿನ ಆ ಎರಡು ಮೀನಿಗೆ ಬರೋಣ.

ಪನಾಮದ ಹತ್ತಿರ ಅಮೆರಿಕ ಖಂಡ ಎಷ್ಟು ಸಣ್ಣದಾಗುತ್ತದೆ ಅಂದರೆ, ಪೆಸಿಫಿಕ್‌ಗೂ ಕೆರಿಬಿಯನ್ ಸಮುದ್ರಕ್ಕೂ ನಡುವೆ ಕೆಲವೆಡೆ ಬರೀ 50 ಕಿಲೋಮೀಟರ್ ಚಿಲ್ಲರೆ ನೆಲ. ಬೆಂಗಳೂರಿನಿಂದ ರಾಮನಗರ ದಾಟೋವಷ್ಟರಲ್ಲಿ ಸಮುದ್ರವೇ ಬದಲು! ಆದರೆ ಸಮುದ್ರದ ಮೀನಿಗೆ ಈ 50 ಕಿಲೋಮೀಟರ್ ದಾಟಲಾರದ ಗೋಡೆ. ಸುತ್ತಿಕೊಂಡು ಬರಬೇಕೆಂದರೆ ದಕ್ಷಿಣ ಅಮೆರಿಕದ ತುದಿಯ ಕೊರೆಯೋ ಚಳಿ ನೀರನ್ನು ಹಾಯಬೇಕು. ಬಿಸಿ ನೀರಿನ ಪುಟ್ಟ ಮೀನುಗಳಿಂದ ಅದು ಆಗದ ಮಾತು.

ಪುಟ್ಟ ಮೀನು ಅಂದರೆ ಎಂಥವು? ಗೋಬಿಗಳನ್ನೇ ತಗೊಳ್ಳಿ. ಗೋಬಿ ಅಂದ ತಕ್ಷಣ ಮಂಚೂರಿ ಗಾಡಿ ನೆನಪಾದರೆ ತಪ್ಪು ನಿಮ್ಮದಲ್ಲ, ಆದರೆ ಇದು ಬೆರಳುದ್ದದ ಮೀನು. ಹೊಟ್ಟೆ ಕೆಳಗಿನ ಎರಡು ಈಜುರೆಕ್ಕೆಗಳು ಕೂಡಿಕೊಂಡು ಬಟ್ಟಲಿನ ಹಾಗಾಗಿರುತ್ತವೆ. ಅದರಿಂದ ಬಂಡೆಗೆ ಅಂಟಿಕೊಂಡು ಅಲೆಗೆ ಕೊಚ್ಚಿಹೋಗದಂತೆ ಕೂರುತ್ತವೆ. ಇನ್ನೊಂದು ಸಾರ್ಜೆಂಟ್ ಮೇಜರ್ ಅನ್ನೋ ಮೀನು. ಅಂಗೈಯಷ್ಟು ಅಗಲ, ಮೈಮೇಲೆ ಐದು ಕಪ್ಪು ಪಟ್ಟೆ. ಮೇಡಂ ಬಿಡಿಸಿದ್ದು ಇದನ್ನೇ. ಅಟ್ಲಾಂಟಿಕ್ ಕಡೆಯದ್ದಕ್ಕೆ ಅಬುಡೆಫ್ಡಫ್ ಸ್ಯಾಕ್ಸಾಟಿಲಿಸ್ ಅಂತ ಹೆಸರು, ಪೆಸಿಫಿಕ್ ಕಡೆಯದ್ದಕ್ಕೆ ಅಬುಡೆಫ್ಡಫ್ ಟ್ರೋಷೆಲಿ. ಪಕ್ಕಪಕ್ಕ ಇಟ್ಟರೆ ಅಣ್ಣ ಯಾರು ತಮ್ಮ ಯಾರು ಗೊತ್ತಾಗಲ್ಲ.

ಜೋರ್ಡನ್‌ಗಿಂತ ಮೊದಲು ಲಂಡನ್ನಿನ ಮೀನು ತಜ್ಞ ಆಲ್ಬರ್ಟ್ ಗುಂಥರ್ ಎರಡೂ ಕಡೆಯ ಮೀನುಗಳನ್ನು ಹೋಲಿಸಿ, ಸುಮಾರು ಮೂರರಲ್ಲಿ ಒಂದು ಪಾಲು ಎರಡೂ ಕಡೆ ಒಂದೇ ಅಂದಿದ್ದರು. ಡಾರ್ವಿನ್ ಕೂಡ ತಮ್ಮ ಪುಸ್ತಕದ ಮುಂದಿನ ಆವೃತ್ತಿಗಳಲ್ಲಿ ಆ ಲೆಕ್ಕವನ್ನು ಸೇರಿಸಿಕೊಂಡರು. ಹಿಂದೆ ಇಲ್ಲಿ ನೀರು ಹರಿಯುತ್ತಿತ್ತು, ಆಮೇಲೆ ನೆಲ ಎದ್ದಿತು ಅನ್ನೋದಕ್ಕೆ ಅದೊಂದು ಸುಳಿವಾಗಿತ್ತು.

ಜೋರ್ಡನ್ ತಂಡ ಸುಮ್ಮನೆ ಒಪ್ಪಲಿಲ್ಲ. 1894-95ರ ಚಳಿಗಾಲದಲ್ಲಿ ಅವರು ಮೆಕ್ಸಿಕೋದ ಪೆಸಿಫಿಕ್ ಕಡೆಯ ಮಸಟ್ಲಾನ್‌ಗೆ ಹೋಗಿ ಮೀನು ಹಿಡಿದರು. ಗಿಲ್ಬರ್ಟ್ ಮತ್ತು ಎಡ್ವಿನ್ ಸ್ಟಾರ್ಕ್ಸ್ ಪನಾಮ ಕೊಲ್ಲಿಗೇ ಹೋಗಿ ತಂದ ಮೀನುಗಳ ಮೇಲಿನ ಪುಸ್ತಕ 1904ರಲ್ಲಿ ಬಂತು. ಈ ನಡುವೆ, 1896ರಿಂದ 1900ರ ಒಳಗೆ, ಜೋರ್ಡನ್ ಮತ್ತು ಬಾರ್ಟನ್ ಎವರ್‌ಮನ್ ಸೇರಿ ಉತ್ತರ ಮತ್ತು ಮಧ್ಯ ಅಮೆರಿಕದ ಮೀನುಗಳ ಬಗ್ಗೆ ನಾಲ್ಕು ದಪ್ಪ ಸಂಪುಟ ಹೊರತಂದರು. ಒಂದೊಂದು ಮೀನಿನ ಮುಳ್ಳು, ಹುರುಪೆ ಎಣಿಸಿ ನೋಡಿದಾಗ ಗೊತ್ತಾದದ್ದು ಇದು: ಒಂದೇ ಅಂದುಕೊಂಡಿದ್ದ ಎಷ್ಟೋ ಮೀನುಗಳು ಒಂದೇ ಅಲ್ಲ. ಗೋಡೆಯ ಆ ಕಡೆ ಒಂದು, ಈ ಕಡೆ ಒಂದು, ಹೀಗೆ ಜೋಡಿ ಜೋಡಿಯಾಗಿ ಇದ್ದವು.

1905ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಜೋರ್ಡನ್ ಇದನ್ನು ಒಂದು ನಿಯಮದ ಹಾಗೆ ಬರೆದರು. ಯಾವುದೇ ಪ್ರಭೇದವನ್ನು ತಗೊಳ್ಳಿ. ಅದರ ತೀರಾ ಹತ್ತಿರದ ಬಂಧು ಅದೇ ಜಾಗದಲ್ಲಿ ಸಿಗೋದು ಅಪರೂಪ, ತುಂಬಾ ದೂರದಲ್ಲೂ ಸಿಗಲ್ಲ. ಅದು ಸಿಗೋದು ಪಕ್ಕದ ಪ್ರದೇಶದಲ್ಲಿ, ನಡುವೆ ಒಂದು ತಡೆ ಇರುವ ಕಡೆ. ತಡೆ ಅಂದರೆ ಬೆಟ್ಟ ಆಗಬಹುದು, ಮರುಭೂಮಿ ಆಗಬಹುದು, ಸಮುದ್ರದ ಮೀನಿಗಾದರೆ ನೆಲವೇ ತಡೆ. 1908ರಲ್ಲಿ ಇಂಥ ಜೋಡಿಗಳಿಗೆ ಅವಳಿ ಪ್ರಭೇದ ಅನ್ನೋ ಅರ್ಥದ ಜೆಮಿನೇಟ್ ಸ್ಪೀಷೀಸ್ ಎಂಬ ಹೆಸರು ಕೊಟ್ಟರು. ಈ ವಿಚಾರ ತಮ್ಮೊಬ್ಬರದ್ದೇ ಅಂತ ಹೇಳಿಕೊಳ್ಳದೆ, ಇದನ್ನು ಮೊದಲು ಒತ್ತಿ ಹೇಳಿದ ಜರ್ಮನಿಯ ಮಾರಿಟ್ಸ್ ವಾಗ್ನರ್ ಹೆಸರನ್ನೂ ನೆನೆದರು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಇದು ಗಿಟ್‌ನಲ್ಲಿ ಒಂದು ರೆಪೋ ಫೋರ್ಕ್ ಆದ ಹಾಗೆ. ಫೋರ್ಕ್ ಆದ ದಿನ ಎರಡರಲ್ಲೂ ಅದೇ ಕೋಡ್. ಆಮೇಲೆ ಈ ಕಡೆಯವರು ಒಂದಿಷ್ಟು ಬದಲಾಯಿಸುತ್ತಾರೆ, ಆ ಕಡೆಯವರು ಇನ್ನೊಂದಿಷ್ಟು. ಮರ್ಜ್ ಮಾಡೋ ದಾರಿಯೇ ಮುಚ್ಚಿಹೋದರೆ, ಎಷ್ಟೋ ವರ್ಷದ ಮೇಲೆ ಅವು ಎರಡು ಬೇರೆ ಪ್ರಾಜೆಕ್ಟ್. ಪನಾಮದ ನೆಲ ಪೂರ್ತಿ ಮುಚ್ಚಿಕೊಂಡದ್ದು ಸುಮಾರು 30 ಲಕ್ಷ ವರ್ಷದ ಹಿಂದೆ ಅಂತ ಹೆಚ್ಚಿನ ಭೂವಿಜ್ಞಾನಿಗಳು ಹೇಳುತ್ತಾರೆ. ಅದಾದ ಮೇಲೆ ಎರಡು ಕಡೆಯ ನೀರೂ ಬದಲಾಯಿತು. ಕೆರಿಬಿಯನ್ ಕಡೆ ತಿಳಿಯಾದ, ಬೆಚ್ಚಗಿನ, ಆಹಾರ ಕಡಿಮೆ ಇರುವ ನೀರು. ಹವಳದ ದಿಬ್ಬಗಳಿಗೆ ಹೇಳಿ ಮಾಡಿಸಿದ್ದು. ಪನಾಮ ಕೊಲ್ಲಿಯ ಕಡೆ ವರ್ಷದಲ್ಲಿ ಕೆಲವು ತಿಂಗಳು ತಳದ ತಣ್ಣೀರು ಮೇಲೆ ಬರುತ್ತದೆ, ಅದರ ಜೊತೆ ಆಹಾರವೂ ಬರುತ್ತದೆ. ಅಲ್ಲಿ ಉಬ್ಬರ ಇಳಿತದ ವ್ಯತ್ಯಾಸ 5 ಮೀಟರ್ ದಾಟುತ್ತದೆ, ಇತ್ತ ಕೆರಿಬಿಯನ್ ಕಡೆ ಅರ್ಧ ಮೀಟರ್ ಕೂಡ ಇರಲ್ಲ. ಒಂದೇ ಮನೆಯ ಮಕ್ಕಳು ಎರಡು ಊರಲ್ಲಿ ಬೆಳೆದ ಹಾಗೆ.

ಇದರಲ್ಲಿ ನಮಗೆ ತುಂಬಾ ಹಿಡಿಸಿದ್ದು ಒಂದು ಮಾತು. ಆ ಎರಡು ಮೀನಿನಲ್ಲಿ ಒಂದು ಮೇಲು, ಇನ್ನೊಂದು ಕೀಳು ಅಲ್ಲ. ಯಾವುದೂ ಗೆದ್ದಿಲ್ಲ, ಯಾವುದೂ ಸೋತಿಲ್ಲ. ನಡುವೆ ಒಂದು ಗೋಡೆ ಎದ್ದಿತು, ಅಷ್ಟೇ. ಬೇರೆಯಾಗೋದಕ್ಕೆ ಜಾಗ ಸಾಕು. ಇದನ್ನು ಲೋಕಕ್ಕೆ ಸ್ಪಷ್ಟವಾಗಿ ತೋರಿಸಿದವರಲ್ಲಿ ಜೋರ್ಡನ್ ಒಬ್ಬರು.

ಅವರ ನಿಯಮ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ಗೋಡೆ ಎದ್ದ ಕಾಲ ಗೊತ್ತಿರುವುದರಿಂದ, ಅವಳಿಗಳ ಡಿಎನ್‌ಎ ನಡುವೆ ಎಷ್ಟು ವ್ಯತ್ಯಾಸ ಬಂದಿದೆ ಅಂತ ನೋಡಿ, ವ್ಯತ್ಯಾಸ ಯಾವ ವೇಗದಲ್ಲಿ ಕೂಡುತ್ತದೆ ಅಂತ ಲೆಕ್ಕ ಹಾಕಬಹುದು. ನಾವು ಲ್ಯಾಬಲ್ಲಿ ಸೆನ್ಸರ್ ಕ್ಯಾಲಿಬ್ರೇಟ್ ಮಾಡೋ ಹಾಗೆಯೇ ಇದು. ಆದರೆ ಎಲ್ಲ ಜೋಡಿಯೂ ಒಂದೇ ದಿನ ಬೇರೆಯಾಗಿಲ್ಲ. ಅಲ್ಲಿನ ಸೀಗಡಿಗಳ ಡಿಎನ್‌ಎ ನೋಡಿದ ನ್ಯಾನ್ಸಿ ನೋಲ್ಟನ್ ಮತ್ತು ಲೀ ವೈಗ್ಟ್ 1998ರಲ್ಲಿ ತೋರಿಸಿದ ಪ್ರಕಾರ, ಕೆಲವು ಜೋಡಿಗಳು ನೆಲ ಮುಚ್ಚುವ ಬಹಳ ಮೊದಲೇ ದೂರವಾಗಿದ್ದವು. ದಡದ ಕಾಂಡ್ಲಾ ಕಾಡಿನ ಆಳವಿಲ್ಲದ ನೀರಲ್ಲಿ ಬದುಕುವ ಜೋಡಿಗಳು ಕೊನೆಯಲ್ಲಿ ಬೇರೆಯಾದವು. ಗೋಡೆ ಒಂದೇ ರಾತ್ರಿಯಲ್ಲಿ ಎದ್ದದ್ದಲ್ಲವಲ್ಲ!

ಸಿವಿಲ್ ಬ್ರಾಂಚಿನವರಿಗೆ ಇನ್ನೊಂದು ವಿಷಯ. 1914ರ ಆಗಸ್ಟ್ 15ರಂದು ಪನಾಮ ಕಾಲುವೆ ತೆರೆಯಿತು. ಹಾಗಾದರೆ ಗೋಡೆ ಒಡೆದು ಮೀನೆಲ್ಲ ಬೆರೆತುಹೋಗಬೇಕಿತ್ತಲ್ಲ? ಇಲ್ಲ. ಕಾಲುವೆಯ ನಡುವೆ ಸಮುದ್ರಮಟ್ಟಕ್ಕಿಂತ ಸುಮಾರು 26 ಮೀಟರ್ ಎತ್ತರದಲ್ಲಿ ಗಾಟುನ್ ಅನ್ನೋ ಸಿಹಿನೀರಿನ ಕೆರೆ ಇದೆ. ಹಡಗುಗಳು ಲಾಕ್‌ಗಳ ಮೂಲಕ ಮೇಲೇರಿ ಮತ್ತೆ ಇಳಿಯುತ್ತವೆ. ಸಮುದ್ರದ ಹೆಚ್ಚಿನ ಮೀನಿಗೆ ಆ ಸಿಹಿನೀರೇ ಹೊಸ ಗೋಡೆಯಾಯಿತು. 2016ರಲ್ಲಿ ದೊಡ್ಡ ಲಾಕ್‌ಗಳು ಬಂದ ಮೇಲೆ ಆ ಕೆರೆಯಲ್ಲಿ ಸಮುದ್ರದ ಮೀನುಗಳು ಹೆಚ್ಚಾಗಿವೆ ಅಂತ ವಿಜ್ಞಾನಿಗಳು ಕಂಡಿದ್ದಾರೆ. 30 ಲಕ್ಷ ವರ್ಷದ ಗೋಡೆಯಲ್ಲಿ ಎಂಜಿನಿಯರ್‌ಗಳು ಬಿರುಕು ಬಿಟ್ಟಿದ್ದಾರೆ ಅನ್ನಿ.

ಚೀಟಿ ಕಳಚಿದ ಬೆಳಗು

1906ರ ಏಪ್ರಿಲ್ 18, ಬೆಳಗ್ಗೆ 5 ಗಂಟೆ 12 ನಿಮಿಷ. ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ. ಸ್ಟ್ಯಾನ್‌ಫರ್ಡ್‌ನಲ್ಲಿ ಹೊಸ ಲೈಬ್ರರಿ, ಜಿಮ್ ಕಟ್ಟಡ ಉರುಳಿದವು, ಕ್ಯಾಂಪಸ್‌ನಲ್ಲಿ ಇಬ್ಬರು ಸತ್ತರು. ಪ್ರಾಣಿಶಾಸ್ತ್ರ ಕಟ್ಟಡದ ಮೇಲಿದ್ದ ಗುರು ಅಗಾಸಿಯ ಅಮೃತಶಿಲೆಯ ಪ್ರತಿಮೆ ತಲೆಕೆಳಗಾಗಿ ಬಿದ್ದು, ತಲೆ ಕಾಂಕ್ರೀಟಿನಲ್ಲಿ ಹೂತುಕೊಂಡು ಕಾಲು ಮೇಲಾಗಿ ನಿಂತುಬಿಟ್ಟಿತು. ಆ ಫೋಟೋ ಈಗಲೂ ಪ್ರಸಿದ್ಧ.

ಒಳಗೆ ಅದಕ್ಕಿಂತ ದೊಡ್ಡ ಅನಾಹುತ ಕಾದಿತ್ತು. ಜಾಡಿಗಳು ಒಡೆದು ಮೀನುಗಳು ನೆಲದ ಮೇಲೆ ಚೆಲ್ಲಿದ್ದವು, ಚೀಟಿಗಳು ಎಲ್ಲೆಲ್ಲೋ. ಮೀನು ಇದೆ, ಹೆಸರಿಲ್ಲ, ಹೆಸರಿದೆ, ಮೀನಿಲ್ಲ. ಪ್ರೈಮರಿ ಕೀ ಕಾಲಂ ಪೂರ್ತಿ ಡಿಲೀಟ್ ಆದ ಡೇಟಾಬೇಸ್ ನೆನೆಸಿಕೊಳ್ಳಿ. ಎಲ್ಲಿ ಸಿಕ್ಕಿತು ಅನ್ನೋ ಚೀಟಿ ಇಲ್ಲದ ಮೀನು ಪನಾಮದ ಯಾವ ಕಡೆಯದ್ದು ಅಂತ ಹೇಳೋದು ಹೇಗೆ? ಜೋರ್ಡನ್ ಅವರ ಜೊತೆಗಾರರು ಪೈಪಿನಿಂದ ನೀರು ಬಿಡುತ್ತಾ, ಮೀನು ಒಣಗದಂತೆ ಹಗಲು ರಾತ್ರಿ ಕಾದರು. ಗುರುತು ಹಿಡಿಯಲು ಆದವನ್ನು ಒಂದೊಂದಾಗಿ ಗುರುತಿಸಿ ಉಳಿಸಿದರು. ಎರಡನೇ ಸಲ ಸರ್ವನಾಶ, ಎರಡನೇ ಸಲವೂ ಕೈಬಿಡಲಿಲ್ಲ. ತಾವೂ ತಮ್ಮ ಸಂಗಡಿಗರೂ ಸೇರಿ ಜೋರ್ಡನ್ ಹೆಸರಿಟ್ಟ ಹೊಸ ಮೀನುಗಳು ಸಾವಿರಕ್ಕೂ ಹೆಚ್ಚು.

ಇಲ್ಲಿವರೆಗೆ ಓದಿದಾಗ ಇವರ ಫೋಟೋ ಹಾಸ್ಟೆಲ್ ಗೋಡೆಗೆ ಅಂಟಿಸಬೇಕು ಅಂದುಕೊಂಡಿದ್ದೆವು. ಈಗ ಎರಡನೇ ಅರ್ಧ.

ಮನುಷ್ಯರಿಗೆ ಅಂಟಿಸಿದ ಚೀಟಿ

ಭೂಕಂಪಕ್ಕೆ ಒಂದು ವರ್ಷ ಮೊದಲು, 1905ರ ಫೆಬ್ರವರಿ 28ರಂದು, ಜೇನ್ ಸ್ಟ್ಯಾನ್‌ಫರ್ಡ್ ಹೊನೊಲುಲುವಿನ ಹೋಟೆಲಿನಲ್ಲಿ ತೀರಿಕೊಂಡರು. ಅಲ್ಲಿನ ವೈದ್ಯರು ಪರೀಕ್ಷಿಸಿ, ವಿಚಾರಣೆ ನಡೆದು, ಸ್ಟ್ರಿಕ್ನಿನ್ ವಿಷದಿಂದ ಸಾವು ಅಂತ ತೀರ್ಮಾನವಾಯಿತು. ಜೋರ್ಡನ್ ಅಲ್ಲಿಗೆ ಹೋಗಿ ಬೇರೆ ವೈದ್ಯರೊಬ್ಬರನ್ನು ಗೊತ್ತು ಮಾಡಿ, ಇದು ಹೃದಯದ ತೊಂದರೆಯಿಂದಾದ ಸಹಜ ಸಾವು ಅಂತ ಲೋಕಕ್ಕೆ ಸಾರಿದರು. 2003ರಲ್ಲಿ ಸ್ಟ್ಯಾನ್‌ಫರ್ಡ್‌ನದ್ದೇ ವೈದ್ಯ ರಾಬರ್ಟ್ ಕಟ್ಲರ್ ದಾಖಲೆಗಳನ್ನು ನೋಡಿ, ಹೊನೊಲುಲು ವೈದ್ಯರೇ ಸರಿ ಅಂತ ಪುಸ್ತಕ ಬರೆದರು. ವಿಷ ಕೊಟ್ಟವರು ಯಾರು ಅನ್ನೋದು ಇವತ್ತಿಗೂ ಇತ್ಯರ್ಥವಾಗಿಲ್ಲ. ಕಣ್ಣೆದುರಿನ ಸಾಕ್ಷಿ ತಮಗೆ ಬೇಡವಾದಾಗ ಜೋರ್ಡನ್ ಅದನ್ನು ಪಕ್ಕಕ್ಕೆ ಸರಿಸಬಲ್ಲರು ಅನ್ನೋದು ಮಾತ್ರ ಗೊತ್ತಾಯಿತು.

ಇನ್ನೊಂದು ಕಡೆ ಅವರು ಸಾಕ್ಷಿ ಸರಿಸಿದ್ದರ ಬೆಲೆ ಸಾವಿರಾರು ಜನ ತೆತ್ತರು. ಯೂಜೆನಿಕ್ಸ್ ಅನ್ನೋ ಪದ ಕೇಳಿರಬಹುದು. ಒಳ್ಳೆ ತಳಿಯ ಮನುಷ್ಯರು ಹೆಚ್ಚು ಹುಟ್ಟಬೇಕು, ಕೆಟ್ಟ ತಳಿಯವರು ಹುಟ್ಟಬಾರದು ಅನ್ನೋ ವಾದ. ಅಮೆರಿಕದಲ್ಲಿ ಈ ವಾದಕ್ಕೆ ಗೌರವ ತಂದುಕೊಟ್ಟ ದೊಡ್ಡ ಹೆಸರುಗಳಲ್ಲಿ ಜೋರ್ಡನ್ ಒಬ್ಬರು. 1902ರಲ್ಲೇ ದೇಶದ ರಕ್ತ ಕೆಡುತ್ತಿದೆ ಅಂತ ಪುಸ್ತಕ ಬರೆದರು. 1906ರಲ್ಲಿ ಅಮೆರಿಕನ್ ಬ್ರೀಡರ್ಸ್ ಅಸೋಸಿಯೇಶನ್‌ನ ಯೂಜೆನಿಕ್ಸ್ ಸಮಿತಿಗೆ ಅಧ್ಯಕ್ಷರಾದರು. ಬಡತನ, ಬುದ್ಧಿಮಾಂದ್ಯ, ಕುಡಿತ, ಅಪರಾಧ ಇವೆಲ್ಲ ರಕ್ತದಲ್ಲೇ ಬರುತ್ತವೆ ಅಂತ ನಂಬಿದರು. ಅವರು ಕೆಲಸ ಮಾಡಿದ್ದ ಇಂಡಿಯಾನ ರಾಜ್ಯ 1907ರಲ್ಲಿ ಒತ್ತಾಯದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಜಗತ್ತಿನ ಮೊದಲ ಕಾನೂನು ಮಾಡಿತು. ಅವರು ಆಗ ಇದ್ದ ಕ್ಯಾಲಿಫೋರ್ನಿಯಾ 1909ರಲ್ಲಿ ಮಾಡಿತು. 1927ರಲ್ಲಿ ಕ್ಯಾರಿ ಬಕ್ ಎಂಬ ಬಡ ಹುಡುಗಿಯ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಕಾನೂನು ಸರಿ ಅಂದಿತು. ಒಟ್ಟು 60,000ಕ್ಕೂ ಹೆಚ್ಚು ಜನರಿಗೆ ಹೀಗೆ ಕತ್ತರಿ ಹಾಕಿದರು, ಅದರಲ್ಲಿ ಸುಮಾರು 20,000 ಕ್ಯಾಲಿಫೋರ್ನಿಯಾ ಒಂದರಲ್ಲೇ. ಹಿಟ್ಲರ್ ಸರ್ಕಾರ 1933ರಲ್ಲಿ ತನ್ನ ಕಾನೂನು ಮಾಡುವಾಗ ಅಮೆರಿಕದ ಮಾದರಿ ಮುಂದಿತ್ತು.

ವಿಚಿತ್ರ ಅಂದರೆ ಇದೇ ಜೋರ್ಡನ್ ಯುದ್ಧದ ಕಡು ವಿರೋಧಿ. ಮೊದಲ ಮಹಾಯುದ್ಧಕ್ಕೆ ಅಮೆರಿಕ ಸೇರಬಾರದು ಅಂತ ಊರೂರು ಸುತ್ತಿ ಭಾಷಣ ಮಾಡಿದರು, ಬೈಸಿಕೊಂಡರು. ಅಣ್ಣ ರೂಫಸ್ ನೆನಪಾಗುತ್ತಾನೆ ಅಲ್ವಾ? ಆದರೆ ಅವರ ಮುಖ್ಯ ವಾದ ಏನಿತ್ತು ಗೊತ್ತಾ? ಯುದ್ಧ ಗಟ್ಟಿಮುಟ್ಟಾದ ಹುಡುಗರನ್ನು ಕೊಂದು ದುರ್ಬಲರನ್ನು ಉಳಿಸುತ್ತದೆ, ಅದರಿಂದ ತಳಿ ಕೆಡುತ್ತದೆ ಅನ್ನೋದು. ಶಾಂತಿಯ ಮಾತಿನ ಒಳಗೂ ಅದೇ ಏಣಿ.

ಅವರು ಮತ್ತೆ ಮತ್ತೆ ಕೊಡುತ್ತಿದ್ದ ಒಂದು ಉದಾಹರಣೆ ಇಟಲಿಯ ಆಲ್ಪ್ಸ್ ಬೆಟ್ಟಗಳ ನಡುವಿನ ಔಸ್ಟಾ ಕಣಿವೆ. 1880ರ ದಶಕದಲ್ಲಿ ಅವರು ಅಲ್ಲಿಗೆ ಹೋಗಿದ್ದರು. ಕತ್ತಿನಲ್ಲಿ ಗಳಗಂಡ, ಕುಳ್ಳ ದೇಹ, ಬೆಳೆಯದ ಬುದ್ಧಿ ಇರುವ ಬಡವರು ಅಲ್ಲಿ ತುಂಬಾ ಇದ್ದರು. ಚರ್ಚಿನವರು ದಾನ ಕೊಟ್ಟು ಸಾಕಿ, ಅವರವರಲ್ಲೇ ಮದುವೆಯಾಗೋಕೆ ಬಿಟ್ಟಿದ್ದರಿಂದ ಇಂಥವರ ತಳಿಯೇ ಬೆಳೆದಿದೆ ಅಂತ ಜೋರ್ಡನ್ ತೀರ್ಮಾನಿಸಿದರು. ಹೀನ ರಕ್ತಕ್ಕೆ ದಯೆ ತೋರಿಸಿದರೆ ಏನಾಗುತ್ತೆ ನೋಡಿ ಅನ್ನೋ ಧಾಟಿ.

ನಿಜ ಸಂಗತಿ ಏನು? ಅದು ಅಯೋಡಿನ್ ಕೊರತೆ. ಬೆಟ್ಟದ ಮಣ್ಣಿನ ಅಯೋಡಿನ್ ಹಿಮ, ಮಳೆಗೆ ತೊಳೆದು ಹೋಗಿರುತ್ತದೆ. ಅಲ್ಲಿನ ನೀರಲ್ಲಿ, ಬೆಳೆಯಲ್ಲಿ ಅದು ಸಿಗಲ್ಲ. ತಾಯಿಗೆ ಅಯೋಡಿನ್ ಸಿಗದಿದ್ದರೆ ಹೊಟ್ಟೆಯಲ್ಲಿರೋ ಮಗುವಿನ ಮಿದುಳು ಬೆಳೆಯಲ್ಲ. ಅಯೋಡಿನ್ ಧಾರಾಳವಾಗಿ ಇರೋದು ಸಮುದ್ರದಲ್ಲಿ, ಸಮುದ್ರದ ಮೀನಿನಲ್ಲಿ! ಸ್ವಿಟ್ಜರ್ಲೆಂಡ್‌ನಲ್ಲಿ 1922ರಲ್ಲಿ, ಅಮೆರಿಕದಲ್ಲಿ 1924ರಲ್ಲಿ ಅಯೋಡಿನ್ ಸೇರಿಸಿದ ಉಪ್ಪು ಬಂತು. ನಮ್ಮಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಉಪ್ಪು ಕೊಟ್ಟು, ಗಳಗಂಡ ಇಳಿಯುವುದನ್ನು ತೋರಿಸಿದರು. ರಕ್ತ ಅದೇ, ಮನೆತನ ಅದೇ, ಬದಲಾದದ್ದು ಚಿಟಿಕೆ ಉಪ್ಪು.

ಇಲ್ಲೇ ನಮಗೆ ಗಂಟಲು ಕಟ್ಟಿದ್ದು. ಒಂದು ಕಣಿವೆ, ಸುತ್ತ ಬೆಟ್ಟದ ಗೋಡೆ, ಒಳಗಿನವರು ಹೊರಗಿನವರಿಗಿಂತ ಬೇರೆ. ಜಾಗ ಹೇಗಿದೆ, ನಡುವೆ ತಡೆ ಏನಿದೆ ಅಂತ ಮೊದಲು ನೋಡಿ ಅಂತ ಜಗತ್ತಿಗೆ ಪಾಠ ಹೇಳಿದ ಮನುಷ್ಯ, ಆ ಕಣಿವೆಯಲ್ಲಿ ನಿಂತು ಜಾಗವನ್ನೇ ನೋಡಲಿಲ್ಲ. ಅಂಗೈಯಗಲದ ಪಟ್ಟೆ ಮೀನಿಗೆ ಕೊಟ್ಟ ನ್ಯಾಯವನ್ನು ಗಳಗಂಡದ ಹೆಂಗಸಿಗೆ ಕೊಡಲಿಲ್ಲ. ಅಯೋಡಿನ್ ವಿಷಯ ಆಗ ಎಲ್ಲರಿಗೂ ಗೊತ್ತಿರಲಿಲ್ಲ ಅನ್ನಬಹುದು, ನಿಜ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬಿಡದೆ, ಅದರ ಮೇಲೆ ಕಾನೂನು ಕಟ್ಟಲು ಹೊರಟದ್ದು ತಪ್ಪು.

ಇದು ಹಳೇ ಕಾಲದ ಕಥೆ ಅಂತ ನಾವು ಎದ್ದುಹೋಗುವ ಹಾಗೂ ಇಲ್ಲ. ಡಯೋಡ್‌ಗೆ ನಾವು ಬಳಸೋ ಷಾಕ್ಲಿ ಸಮೀಕರಣ ಇದೆಯಲ್ಲ, ಆ ವಿಲಿಯಂ ಷಾಕ್ಲಿ ಟ್ರಾನ್ಸಿಸ್ಟರ್‌ಗೆ ನೊಬೆಲ್ ಪಡೆದು, ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಪ್ರೊಫೆಸರ್ ಆಗಿ, ಇದೇ ಯೂಜೆನಿಕ್ಸ್ ವಾದವನ್ನು ಮತ್ತೆ ಎತ್ತಿದರು. ಜಾಣತನ ಯಾರಿಗೂ ಲಸಿಕೆ ಹಾಕಿಲ್ಲ.

ಕೊನೆಗೆ ಉಳಿದದ್ದು

ಜೋರ್ಡನ್ 1913ರವರೆಗೆ ಅಧ್ಯಕ್ಷರಾಗಿದ್ದರು, ಮುಂದೆ 1916ರವರೆಗೆ ಚಾನ್ಸಲರ್. 1922ರಲ್ಲಿ ಎರಡು ಸಂಪುಟದ ಆತ್ಮಕಥೆ ಬರೆದರು. 1931ರ ಸೆಪ್ಟೆಂಬರ್ 19ರಂದು ಸ್ಟ್ಯಾನ್‌ಫರ್ಡ್‌ನಲ್ಲೇ ತೀರಿಕೊಂಡರು. ಯೂಜೆನಿಕ್ಸ್ ಬಗ್ಗೆ ಮನಸ್ಸು ಬದಲಾಯಿಸಲಿಲ್ಲ. 2020ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಇಂಡಿಯಾನ ಎರಡೂ ವಿಶ್ವವಿದ್ಯಾಲಯಗಳು ತಮ್ಮ ಜೋರ್ಡನ್ ಹಾಲ್‌ಗಳಿಂದ ಅವರ ಹೆಸರು ತೆಗೆಯಲು ನಿರ್ಧರಿಸಿದವು. ಜೀವಮಾನವಿಡೀ ಚೀಟಿ ಅಂಟಿಸಿದವರ ಚೀಟಿಯೇ ಕಳಚಿತು. ಜೆಮಿನೇಟ್ ಸ್ಪೀಷೀಸ್ ಅನ್ನೋ ಪದ ಮಾತ್ರ ಉಳಿದಿದೆ, ಅದನ್ನು ಯಾರೂ ತೆಗೆಯಬೇಕಿಲ್ಲ, ಯಾಕಂದರೆ ಅದು ಸರಿ ಇದೆ.

ಇನ್ನೊಂದು ತಮಾಷೆ. ವಂಶವೃಕ್ಷದ ಲೆಕ್ಕದಲ್ಲಿ ನೋಡಿದರೆ ಮೀನು ಅನ್ನೋ ಒಂದು ಗುಂಪೇ ಇಲ್ಲ ಅಂತಾರೆ ಇವತ್ತಿನ ಜೀವವಿಜ್ಞಾನಿಗಳು. ಶ್ವಾಸಕೋಶ ಇರುವ ಲಂಗ್‌ಫಿಶ್, ಸಾಲ್ಮನ್ ಮೀನಿಗಿಂತ ನಮಗೇ ಹತ್ತಿರದ ಬಂಧು. ಜೋರ್ಡನ್ ಇಡೀ ಬದುಕು ಹೆಸರಿಟ್ಟ ಗುಂಪಿನ ಒಂದು ಕೊಂಬೆಯಲ್ಲಿ ನಾವೂ ಕೂತಿದ್ದೇವೆ. ಅಲ್ಲಿ ಏಣಿ ಇಲ್ಲ, ಬರೀ ಕವಲುಗಳು.

ಈಗ ನಾವೂ ದಿನಾ ಚೀಟಿ ಅಂಟಿಸುತ್ತೇವೆ. ಅವನು ಮ್ಯಾನೇಜ್‌ಮೆಂಟ್ ಸೀಟು, ಇವಳು ಹಳ್ಳಿ ಕಡೆಯವಳು, ಅವನಿಗೆ ಇಂಗ್ಲಿಷ್ ಬರಲ್ಲ, ಇವನಿಗೆ ಬ್ಯಾಕ್‌ಲಾಗ್ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು, ಕನ್ನಡ ಮೀಡಿಯಂನಿಂದ ಬಂದು ಮೊದಲ ಸೆಮ್‌ನಲ್ಲಿ ಒದ್ದಾಡಿದ ಕ್ಲಾಸ್‌ಮೇಟ್‌ಗಳ ಬಗ್ಗೆ ಏನೇನು ಅಂದುಕೊಂಡಿದ್ದೆವು ಅಂತ ನೆನೆದರೆ ನಾಚಿಕೆಯಾಗುತ್ತದೆ. ಈ ಲೇಖನದ ಕನ್ನಡ ತಿದ್ದಿಕೊಟ್ಟವರು ಅವರೇ.

ಮುಂದಿನ ಸಲ ಕಾರವಾರಕ್ಕೋ ಗೋಕರ್ಣಕ್ಕೋ ಟ್ರಿಪ್ ಹೋದರೆ, ಇಳಿತದ ಹೊತ್ತಲ್ಲಿ ಬಂಡೆ ನಡುವಿನ ನೀರುಗುಂಡಿ ಪಕ್ಕ ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಬೆರಳುದ್ದದ ಗೋಬಿಯೊಂದು ಬಂಡೆಗೆ ಅಂಟಿಕೊಂಡು ನಿಮ್ಮನ್ನೇ ನೋಡುತ್ತಿರಬಹುದು. ಮನೆಗೆ ಬಂದ ಮೇಲೆ ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ತಿರುಗಿಸಿ, ಅಯೋಡಿನ್ ಅಂತ ಬರೆದಿರೋದನ್ನೂ ಒಮ್ಮೆ ಓದಿ.